ಇಪ್ಪತ್ತು ಜನ, ಒಂದೇ ವಾದ್ಯ

ತಿಪಟೂರಿನಿಂದ ದೊಡ್ಡಮ್ಮ ಫೋನ್ ಮಾಡಿದಾಗಲೆಲ್ಲ ನಮ್ಮ ಅಕಾರ್ಡಿಯನ್ ಸಂಘದ ಬಗ್ಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ. "ಅಲ್ಲ ಕಣೇ, ಎಲ್ಲರೂ ಅದೇ ಪೆಟ್ಟಿಗೆ ತಬ್ಕೊಂಡು ಕೂತ್ರೆ ಏನು ನುಡಿಸ್ತೀರಿ? ಹಾಡೋರು ಬೇಡ್ವಾ? ತಬಲಾದವರು ಬೇಡ್ವಾ?"

ದೊಡ್ಡಮ್ಮ ಸುಮ್ನೆ ಕೇಳುವವರಲ್ಲ. ನಮ್ಮ ದೊಡ್ಡಪ್ಪ ಊರೂರಿಗೆ ಹೋಗಿ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಮನೆಯಲ್ಲಿ ಅಷ್ಟು ವರ್ಷ ಪೆಟ್ಟಿಗೆ ಸದ್ದು ಕೇಳಿದವರಿಗೆ ಈ ಅನುಮಾನ ಬಂದೇ ಬರುತ್ತದೆ. ಒಂದು ನಾಟಕಕ್ಕೆ ಒಂದು ಹಾರ್ಮೋನಿಯಂ ಸಾಕು. ಇಪ್ಪತ್ತು ಯಾಕೆ? ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣ ಓದಿ ಹೇಳಲಿ.

ನಾನಿರುವುದು ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರು. ಈ ಸೀಮೆಯ ಎಷ್ಟೋ ಊರುಗಳಲ್ಲಿ ಒಂದೊಂದು ಅಕಾರ್ಡಿಯನ್ ಸಂಘ ಇದೆ. ಫುಟ್‌ಬಾಲ್ ಸಂಘ, ಹಾಡುವವರ ಸಂಘ ಹೇಗೋ ಹಾಗೆ ಇದೂ ಒಂದು. ಗುರುವಾರ ಸಂಜೆ ಹಳೆ ಶಾಲೆಯ ಮಹಡಿ ಮೇಲೆ ನಮ್ಮ ಪ್ರಾಕ್ಟೀಸ್. ಒಬ್ಬರು ಬಡಗಿ, ಇಬ್ಬರು ನರ್ಸುಗಳು, ಬ್ಯಾಂಕಿನವರು, ಬಸ್ ಓಡಿಸಿ ನಿವೃತ್ತರಾದವರು, ಹೈಸ್ಕೂಲು ಹುಡುಗರು, ಸಾಫ್ಟ್‌ವೇರ್‌ನ ನಾನು. ನನ್ನ ಪಕ್ಕದಲ್ಲಿ ಕೂರುವ ಅಜ್ಜಿಗೆ ಎಂಬತ್ತು ದಾಟಿದೆ. ಸಂಘದೊಳಗೆ ಚಿಕ್ಕವರು ದೊಡ್ಡವರು ಅಂತಿಲ್ಲದೆ ಹೆಸರು ಹಿಡಿದು, ಏಕವಚನದಲ್ಲೇ ಮಾತು. ಎಲ್ಲರ ಜೊತೆ ಅದು ನನಗೆ ಅಭ್ಯಾಸವಾಗಿದೆ, ಆ ಅಜ್ಜಿ ಒಬ್ಬರನ್ನು ಬಿಟ್ಟು.

ಈಗ ದೊಡ್ಡಮ್ಮನ ಪ್ರಶ್ನೆಗೆ ಬರುತ್ತೇನೆ.

ಅಕಾರ್ಡಿಯನ್ ಒಬ್ಬರೇ ನುಡಿಸಲೆಂದು ಆದ ವಾದ್ಯ. ಎದೆಗೆ ಕಟ್ಟಿಕೊಂಡು, ನಡುವಿನ ತಿದಿಯನ್ನು ಬಿಚ್ಚಿ ಮುಚ್ಚಿ ಗಾಳಿ ಕೊಟ್ಟು ನುಡಿಸುವುದು. ಬಲಗೈಗೆ ಹಾರ್ಮೋನಿಯಂ ತರಹದ ಮನೆಗಳು, ಅಂದರೆ ಬೆರಳಲ್ಲಿ ಒತ್ತುವ ಪಟ್ಟಿಗಳು, ದೊಡ್ಡ ವಾದ್ಯದಲ್ಲಿ 41. ಎಡಗೈಗೆ 120 ಗುಂಡಿಗಳು, ಆರು ಸಾಲು, ಸಾಲಿಗೆ ಇಪ್ಪತ್ತು. ಎರಡು ಸಾಲಿನಲ್ಲಿ ಒಂಟಿ ಮಂದ್ರ ಸ್ವರ. ಉಳಿದ ನಾಲ್ಕು ಸಾಲಿನಲ್ಲಿ ಒಂದು ಗುಂಡಿ ಒತ್ತಿದರೆ ಮೂರು ಸ್ವರ ಒಟ್ಟಿಗೆ ಬರುತ್ತವೆ. ಹಾಡು ಬಲಗೈಯಲ್ಲಿ, ತಾಳ ಮತ್ತು ಹಿಮ್ಮೇಳ ಎಡಗೈಯಲ್ಲಿ. ಮದುವೆ ಮನೆಯಲ್ಲಾಗಲಿ ಹೋಟೆಲಿನಲ್ಲಾಗಲಿ ಒಬ್ಬನೇ ಕೂತು ಇಡೀ ರಾತ್ರಿ ಜನರನ್ನು ಕುಣಿಸಬಹುದು. ಬೇರೆ ಯಾರೂ ಬೇಡ.

ನಮ್ಮ ಸಂಘದಲ್ಲಿ ಮಾತ್ರ ಆ 120 ಗುಂಡಿಗಳನ್ನು ಬಹುಮಟ್ಟಿಗೆ ಯಾರೂ ಮುಟ್ಟುವುದಿಲ್ಲ. ಅಕಾರ್ಡಿಯನ್ ಆರ್ಕೆಸ್ಟ್ರಾ ಅಂದರೆ ಹೆಚ್ಚಾಗಿ ಎಲ್ಲ ಕಡೆಯೂ ಹೀಗೇ. ಎಲ್ಲರೂ ಬಲಗೈ ಮಾತ್ರ ನುಡಿಸುತ್ತಾರೆ. ಸಂಗೀತವನ್ನು ನಾಲ್ಕು ಪಾಲು ಮಾಡಿ ಹಂಚಿರುತ್ತಾರೆ. ಒಂದನೇ ಸಾಲಿನವರದು ಮೇಲಿನ ಸ್ವರಗಳು, ಹೆಚ್ಚಾಗಿ ಹಾಡಿನ ಮಟ್ಟು. ಎರಡನೆಯವರು, ಮೂರನೆಯವರು ಮಧ್ಯದಲ್ಲಿ. ನಾಲ್ಕನೆಯವರು ಕೆಳಗೆ. ಇನ್ನೂ ಕೆಳಗಿನದಕ್ಕೆ ಬೇರೆಯೇ ಒಂದು ಬಾಸ್ ಅಕಾರ್ಡಿಯನ್ ಇದೆ. ಅದರಲ್ಲಿ ಎಡಗೈ ಗುಂಡಿಗಳೇ ಇಲ್ಲ. ಜೊತೆಗೆ ಡ್ರಮ್ಸ್ ಒಬ್ಬರು. ಕೊಳಲು, ಕ್ಲಾರಿನೆಟ್ ತರಹದ ಸದ್ದಿಗೆ ಎಲೆಕ್ಟ್ರೋನಿಯಂ ಒಂದು. ನೋಡಲು ಅಕಾರ್ಡಿಯನ್ ಹಾಗೇ ಇದೆ, ಆದರೆ ಕರೆಂಟಿನಿಂದ ನುಡಿಯುತ್ತದೆ. ಅದರ ಸದ್ದು ಜೋರು, ಮೆತ್ತಗೆ ಮಾಡುವುದು ಮಾತ್ರ ತಿದಿಯಿಂದಲೇ.

ಅಂದರೆ, ತನ್ನಷ್ಟಕ್ಕೆ ತಾನೇ ಪೂರ್ತಿಯಾದ ವಾದ್ಯವನ್ನು ಬೇಕೆಂದೇ ಅರ್ಧ ಮಾಡಿಕೊಂಡು ನಾವು ಒಟ್ಟಿಗೆ ಕೂರುತ್ತೇವೆ. ನನಗೆ ಈ ಸಂಘದಲ್ಲಿ ಇಷ್ಟವಾಗುವುದು ಇದೇ. ನಾನು ಮೂರನೇ ಸಾಲಿನವಳು. ನನ್ನ ಹಾಳೆ ಒಂದನ್ನೇ ನುಡಿಸಿದರೆ ಯಾವ ಹಾಡು ಅಂತ ನಿಮಗೆ ತಿಳಿಯುವುದೇ ಇಲ್ಲ. ಎಷ್ಟೋ ಕಡೆ ಎರಡೇ ಸ್ವರ, ಅದೂ ಒಂದು ಪುಟ ಪೂರ್ತಿ. ಆದರೆ ಮೂರನೇ ಸಾಲಿನವರು ಆ ದಿನ ಬರದಿದ್ದರೆ ಇಡೀ ಹಾಡು ಬಡಕಲಾಗುತ್ತದೆ. ಒಂದು ಸಲ ಜ್ವರ ಹರಡಿ ನಮ್ಮ ಸಾಲಿನಲ್ಲಿ ಇಬ್ಬರೇ ಉಳಿದಿದ್ದೆವು. ಎದುರು ಸಾಲಿನ ಬಡಗಿ ತಿರುಗಿ ನೋಡಿ, "ಇವತ್ತು ಕಾಲ ಕೆಳಗೆ ನೆಲ ಇಲ್ಲದ ಹಾಗಿದೆ" ಅಂದರು.

ಎಡಗೈ ಗುಂಡಿ ಮುಟ್ಟಲ್ಲ ಅಂದ ಮಾತ್ರಕ್ಕೆ ಅದಕ್ಕೆ ಕೆಲಸ ಇಲ್ಲ ಅಂತಲ್ಲ. ಅಸಲಿ ಕೆಲಸ ಅದರದ್ದೇ. ಅಕಾರ್ಡಿಯನ್‌ನಲ್ಲಿ ಬೆರಳು ಎಷ್ಟು ಬಲವಾಗಿ ಒತ್ತಿದರೂ ಸದ್ದು ಹೆಚ್ಚಾಗಲ್ಲ. ಪಿಯಾನೋ ಹಾಗಲ್ಲ ಇದು. ಸದ್ದಿನ ಜೋರು, ಮೆತ್ತಗೆ, ಒತ್ತು, ನಿಟ್ಟುಸಿರು ಎಲ್ಲ ತಿದಿಯದ್ದು. ತಿದಿ ಎಡಗೈಯದ್ದು. ಈ ತಿದಿಯನ್ನು ಯಾವಾಗ ಬಿಚ್ಚಬೇಕು, ಯಾವಾಗ ಮುಚ್ಚಬೇಕು ಅನ್ನುವುದಕ್ಕೆ ನಮ್ಮ ಹಾಳೆಗಳ ತುಂಬ ಪೆನ್ಸಿಲ್ ಗುರುತು. ದಿಕ್ಕು ಬದಲಿಸುವ ಜಾಗದಲ್ಲಿ ಸಣ್ಣದೊಂದು ಕಡಿತ ಬಂದೇ ಬರುತ್ತದೆ. ಅದು ಹಾಡಿನ ಸಾಲಿನ ಮಧ್ಯೆ ಬಂದರೆ ಹಾಡುವವರು ಪದದ ನಡುವೆ ಉಸಿರು ಎಳೆದ ಹಾಗಿರುತ್ತದೆ. ಸಾಲು ಮುಗಿದ ಮೇಲೆ ಬಂದರೆ ಗೊತ್ತೇ ಆಗಲ್ಲ.

ಅದೂ ಎಲ್ಲರೂ ಒಂದೇ ಕ್ಷಣಕ್ಕೆ ತಿರುಗಿಸಬೇಕು. ನಮ್ಮ ಆರ್ಕೆಸ್ಟ್ರಾ ನಡೆಸುವವರು ಬೇರೆ ತಪ್ಪುಗಳನ್ನು ಸಹಿಸುತ್ತಾರೆ, ಇದೊಂದನ್ನು ಬಿಡಲ್ಲ. ನಿಲ್ಲಿಸುತ್ತಾರೆ. "ಎರಡನೇ ಸಾಲು, ಯಾರೋ ಒಬ್ಬರು ಇನ್ನೂ ಬಿಚ್ಚುತ್ತಾ ಇದ್ದೀರಿ." ಮತ್ತೆ ಮೊದಲಿನಿಂದ. ಕೆಲವು ದಿನ ನಾಲ್ಕು ಸಾಲಿನ ಸಂಗೀತಕ್ಕೆ ಅರ್ಧ ಗಂಟೆ ಹೋಗುತ್ತದೆ. ಸರಿಯಾದಾಗ ಮಾತ್ರ ನೋಡಬೇಕು. ಇಪ್ಪತ್ತು ತಿದಿ ಒಟ್ಟಿಗೆ ತೆರೆದುಕೊಂಡು, ಒಟ್ಟಿಗೆ ನಿಂತು, ಒಟ್ಟಿಗೆ ಮುಚ್ಚಿಕೊಳ್ಳುತ್ತವೆ. ಸಭೆಯಲ್ಲಿ ಕೂತ ಮಕ್ಕಳು ಬೆರಳು ತೋರಿಸುವುದು ಆಗಲೇ.

ಬಾಸ್ ನುಡಿಸುವ ನಮ್ಮ ಬಸ್ ಚಾಲಕರ ಕಷ್ಟ ಬೇರೆ. ಮಂದ್ರದ ರೀಡುಗಳು, ಅಂದರೆ ಗಾಳಿಗೆ ನಡುಗಿ ನುಡಿಯುವ ಉಕ್ಕಿನ ನಾಲಿಗೆಗಳು, ಉದ್ದ, ಭಾರ. ಗಾಳಿ ತಾಗಿದ ತಕ್ಷಣ ನುಡಿಯುವುದಿಲ್ಲ, ಒಂದು ಚೂರು ತಡ. ಹಾಗಾಗಿ ಅವರು ತಾಳಕ್ಕಿಂತ ಕೂದಲೆಳೆಯಷ್ಟು ಮುಂಚೆ ಒತ್ತಬೇಕು. ಅವರ ಬೆರಳನ್ನು ನೋಡಿದರೆ ಅವಸರ ಮಾಡುತ್ತಿದ್ದಾರೆ ಅನ್ನಿಸುತ್ತದೆ, ಕಿವಿಗೆ ಸರಿಯಾಗೇ ಕೇಳಿಸುತ್ತದೆ.

ಇನ್ನೊಂದು ವಿಷಯ ದೊಡ್ಡಪ್ಪ ಇದ್ದಿದ್ದರೆ ಕೇಳಿ ಖುಷಿ ಪಡುತ್ತಿದ್ದರು. ಅಕಾರ್ಡಿಯನ್‌ನಲ್ಲಿ ಒಂದು ಮನೆಗೆ ಎರಡು ಮೂರು ರೀಡು ಇರುತ್ತವೆ. ಅದರಲ್ಲಿ ಒಂದನ್ನು ಬೇಕೆಂದೇ ಚೂರು ಶ್ರುತಿ ತಪ್ಪಿಸಿರುತ್ತಾರೆ. ಎರಡೂ ಒಟ್ಟಿಗೆ ನುಡಿದಾಗ ಸದ್ದು ಅಲೆ ಅಲೆಯಾಗಿ ನಡುಗುತ್ತದೆ. ಪ್ಯಾರಿಸ್ ಬೀದಿಯ ಸಂಗೀತ ಅಂತ ನಾವೆಲ್ಲ ಗುರುತಿಸುವುದು ಆ ನಡುಕವನ್ನೇ. ಒಬ್ಬರು ನುಡಿಸಿದರೆ ಬಲು ಚೆಂದ. ಇಪ್ಪತ್ತು ಜನ ಹಾಗೇ ನುಡಿಸಿದರೆ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ಆರ್ಕೆಸ್ಟ್ರಾದಲ್ಲಿ ಬಹಳ ಕಡೆ, ಯಾವ ರೀಡು ನುಡಿಯಬೇಕೆಂದು ಆರಿಸುವ ಗುಂಡಿಗಳಲ್ಲಿ ಒಂದೇ ರೀಡಿನದನ್ನು ಹಾಕಿಕೊಳ್ಳಿ ಅನ್ನುತ್ತಾರೆ. ನಡುಕವನ್ನು ಉಪ್ಪಿನಕಾಯಿ ಹಾಗೆ ಅಂಚಿನಲ್ಲಿ ಇಟ್ಟುಕೊಂಡು, ಬೇಕಾದ ಒಂದೆರಡು ಕಡೆ ಮಾತ್ರ ಬಳಸುತ್ತೇವೆ.

ಈ ಸಂಘಗಳು ಇಲ್ಲಿ ಇಷ್ಟೊಂದು ಹೇಗೆ ಹುಟ್ಟಿದವು? ಅದಕ್ಕೆ ಟ್ರೊಸಿಂಗನ್‌ಗೆ ಹೋಗಬೇಕು. ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ಸುಮಾರು ನೂರು ಕಿಲೋಮೀಟರ್.  ಆ ಊರಿನಲ್ಲಿ ಮಥಿಯಾಸ್ ಹೋನರ್ ಎಂಬ ಗಡಿಯಾರದ ಕೆಲಸದವರು 1857ರಲ್ಲಿ ಮೌತ್ ಆರ್ಗನ್ ಮಾಡಲು ಶುರು ಮಾಡಿದರು. ಕಂಪನಿ ಬೆಳೆಯಿತು. 1903ರಿಂದ ಅಕಾರ್ಡಿಯನ್ ಕೂಡ ಮಾಡತೊಡಗಿತು. ವಾದ್ಯ ಮಾರಬೇಕಾದರೆ ನುಡಿಸುವವರು ಬೇಕು, ನುಡಿಸಲು ಕೃತಿ ಬೇಕು, ಕಲಿಸಲು ಮೇಷ್ಟ್ರು ಬೇಕು. ಅಷ್ಟನ್ನೂ ಅವರೇ ಮಾಡಿದರು. 1920ರ ದಶಕದ ಕೊನೆಗೆ ಆರ್ಕೆಸ್ಟ್ರಾ ಕಟ್ಟಿದರು. ಹೋನರ್ ಮನೆತನದ ಅರ್ನ್ಸ್ಟ್ ಹೋನರ್ ಕೇಳಿಕೊಂಡರೆಂದು ಹ್ಯೂಗೊ ಹರ್ಮನ್ ಎಂಬ ಸಂಗೀತಗಾರರು 1927ರಲ್ಲಿ ಅಕಾರ್ಡಿಯನ್‌ಗೆಂದೇ ಹೊಸ ಕೃತಿಗಳನ್ನು ಬರೆದರು. ಅಲ್ಲಿಯವರೆಗೆ ಅದು ಕುಣಿತದ ವಾದ್ಯ, ಬೇರೆಯವರ ಹಾಡು ನುಡಿಸುವ ವಾದ್ಯ. 1931ರಲ್ಲಿ ಸಂಘಗಳೆಲ್ಲ ಸೇರಿದ ಒಕ್ಕೂಟ ಬಂತು. ನೋಟೇಷನ್ ಪುಸ್ತಕ ಅಚ್ಚು ಹಾಕುವ ವಿಭಾಗ ಬಂತು, ಮೇಷ್ಟ್ರುಗಳನ್ನು ತಯಾರು ಮಾಡುವ ಶಾಲೆ ಬಂತು.

ಇದೆಲ್ಲ ವ್ಯಾಪಾರಕ್ಕೆ ಮಾಡಿದ್ದು, ನಿಜ. ಆದರೆ ನನಗೆ ಅದರಲ್ಲಿ ಬೇಸರವಿಲ್ಲ. ಪಿಯಾನೋ ಕೊಳ್ಳಲಾಗದ ಮನೆಗಳಿಗೆ, ಕಾರ್ಖಾನೆಗೆ ಹೋಗಿ ಬರುವವರಿಗೆ ಕೂತು ನಾಲ್ಕು ಪಾಲಿನ ಸಂಗೀತ ನುಡಿಸುವ ದಾರಿ ಸಿಕ್ಕಿತು. ನನ್ನ ಪಕ್ಕದ ಅಜ್ಜಿಯ ಅಪ್ಪ ರೈತ. ವಾದ್ಯವನ್ನು ಕಂತಿನಲ್ಲಿ ತಂದರಂತೆ. ಆಗಿನಿಂದ ಅಜ್ಜಿ ನುಡಿಸುತ್ತಲೇ ಇದ್ದಾರೆ.

ಟ್ರೊಸಿಂಗನ್‌ನಲ್ಲಿ ಹಳೆಯ ಕಾರ್ಖಾನೆ ಕಟ್ಟಡದಲ್ಲಿ ಒಂದು ಮ್ಯೂಸಿಯಂ ಇದೆ, ಹಾರ್ಮೋನಿಕಾ ಮ್ಯೂಸಿಯಂ. ಸಂಘದವರೆಲ್ಲ ಒಂದು ಭಾನುವಾರ ಹೋಗಿದ್ದೆವು. ನಾನು ಜಾಸ್ತಿ ಹೊತ್ತು ನಿಂತಿದ್ದು ರೀಡುಗಳ ಮುಂದೆ. ತೆಳು ಉಕ್ಕಿನ ನಾಲಿಗೆ. ಒಂದು ತುದಿ ತಗಡಿಗೆ ಬಿಗಿದಿರುತ್ತದೆ, ಇನ್ನೊಂದು ತುದಿ ಬಿಡುವಾಗಿರುತ್ತದೆ. ತಗಡನ್ನು ಮರದ ಚೌಕಟ್ಟಿಗೆ ಮೇಣದಿಂದ ಕೂರಿಸಿರುತ್ತಾರೆ. ಜೇನುಮೇಣ ಮತ್ತು ರಾಳ ಸೇರಿಸಿ ಕಾಯಿಸಿದ ಮೇಣ. ಕಾರಿನ ಡಿಕ್ಕಿಯಲ್ಲಿ ಬೇಸಿಗೆ ಬಿಸಿಲಿಗೆ ವಾದ್ಯ ಬಿಟ್ಟರೆ ಆ ಮೇಣ ಸಡಿಲವಾಗಿ ರೀಡು ಜಾರುತ್ತದೆ. ಚಳಿಗಾಲದಲ್ಲಿ ಹೊರಗಿನಿಂದ ಬೆಚ್ಚಗಿನ ಸಭಾಂಗಣಕ್ಕೆ ತಂದ ಕೂಡಲೇ ನುಡಿಸಿದರೆ ಒಳಗೆ ತೇವ ಕಟ್ಟಿ ಉಕ್ಕಿಗೆ ತುಕ್ಕು. ಹಾಗಾಗಿ ಕಾರ್ಯಕ್ರಮದ ದಿನ ನಾವು ಬೇಗ ಹೋಗಿ ಪೆಟ್ಟಿಗೆಗಳನ್ನು ತೆಗೆದಿಟ್ಟು ಕಾಯುತ್ತೇವೆ. ದೊಡ್ಡಪ್ಪ ತಮ್ಮ ಹಾರ್ಮೋನಿಯಂ ರೀಡುಗಳನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಅಲ್ಲಿ ಗಾಜಿನೊಳಗೆ ಕಂಡಿದ್ದೂ ಅದೇ ನಾಲಿಗೆ.

ಎರಡು ವಾದ್ಯಗಳೂ ನಿಜಕ್ಕೂ ದಾಯಾದಿಗಳು. ವಿಯೆನ್ನಾದ ಸಿರಿಲ್ ಡೆಮಿಯನ್ ಅಕಾರ್ಡಿಯನ್‌ಗೆ ಪೇಟೆಂಟ್ ಪಡೆದಿದ್ದು 1829ರಲ್ಲಿ. ಪ್ಯಾರಿಸ್‌ನ ಅಲೆಕ್ಸಾಂಡರ್ ಡೆಬೆನ್ ಹಾರ್ಮೋನಿಯಂಗೆ ಪಡೆದಿದ್ದು 1842ರಲ್ಲಿ. ಒಂದನ್ನು ಎದೆಗೆ ಕಟ್ಟಿಕೊಂಡರು, ಇನ್ನೊಂದನ್ನು ಕಾಲಲ್ಲಿ ತುಳಿದರು. ನಮ್ಮ ದೇಶಕ್ಕೆ ಬಂದ ಮೇಲೆ ಹಾರ್ಮೋನಿಯಂ ನೆಲದ ಮೇಲೆ ಕೂತಿತು, ಹಿಂದಿನ ತಿದಿಯನ್ನು ಕೈಯಲ್ಲಿ ಒತ್ತುವ ಹಾಗಾಯಿತು. ಕೋಲ್ಕತ್ತದ ದ್ವಾರಕಾನಾಥ ಘೋಷ್ ಅವರ ಹೆಸರನ್ನು ಅದಕ್ಕೆ ಹೇಳುತ್ತಾರೆ. ಅಕಾರ್ಡಿಯನ್ ಕೂಡ ಬಂತು, ಆದರೆ ಮುಂಬೈನ ಸಿನಿಮಾ ಸ್ಟುಡಿಯೋಗಳಿಗೆ ಬಂತು. ಹಳೆಯ ಹಿಂದಿ ಹಾಡುಗಳಲ್ಲಿ ಗೂಡಿ ಸೀರ್ವಾಯಿ ನುಡಿಸಿದ್ದನ್ನು ಕೇಳದವರು ಯಾರಿದ್ದಾರೆ? ಹೆಸರು ಗೊತ್ತಿಲ್ಲದಿದ್ದರೂ ಕೇಳಿರುತ್ತೀರಿ.

ದೊಡ್ಡಪ್ಪನ ಕೆಲಸ ಹೇಗಿತ್ತು ಅಂತ ಇಲ್ಲಿಯವರಿಗೆ ಹೇಳಿದಾಗ ಅವರಿಗೆ ವಿವರಿಸಿ ಹೇಳಬೇಕಾಗಲೇ ಇಲ್ಲ. ಸುಗ್ಗಿ ಮುಗಿದ ಮೇಲೆ ಒಂದು ಊರಿನವರು ಬಂದು ಮೇಷ್ಟ್ರನ್ನು ಕರೆದುಕೊಂಡು ಹೋಗುತ್ತಿದ್ದರು. ಪೌರಾಣಿಕ ನಾಟಕ. ಭೀಮನಾಗುವವನು ಹಗಲು ಕೊಬ್ಬರಿ ಮೂಟೆ ಹೊರುವವನು. ಕೃಷ್ಣನಾಗುವವನು ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವವನು. ರಾತ್ರಿ ಉಂಡು ದೇವಸ್ಥಾನದ ಮುಂದೆ ಸೇರುವರು. ಪಾತ್ರ ಬೇಕಾದವರು ಕೈಯಿಂದಲೇ ದುಡ್ಡು ಹಾಕಬೇಕು, ಸೀನರಿಯವರಿಗೆ ಬಾಡಿಗೆ ಕೊಡಬೇಕಲ್ಲ. ತಿಂಗಳುಗಟ್ಟಲೆ ಮಟ್ಟು ಕಲಿಸಿ, ಕಂದ ಪದ್ಯ ಹೇಳಿಸಿ, ಒಂದು ರಾತ್ರಿ ಬೆಳಗಿನವರೆಗೆ ಆಟ. "ನಮ್ಮದೂ ಹೀಗೇ ಅಲ್ವಾ" ಅಂದರು ನಮ್ಮ ಖಜಾಂಚಿ. ಅವರ ತಲೆಬಿಸಿಯೂ ಅದೇ. ಸಭಾಂಗಣದ ಬಾಡಿಗೆ, ಹಾಡು ಬರೆದವರ ಹಕ್ಕಿಗಾಗಿ ಗೆಮಾ ಸಂಸ್ಥೆಗೆ ಕಟ್ಟುವ ಹಣ, ನೋಟೇಷನ್ ಹಾಳೆ ಕೊಳ್ಳುವುದು, ಮೇಷ್ಟ್ರ ಸಂಬಳ. ಸದಸ್ಯರ ಚಂದಾದಿಂದ ಅರ್ಧವೂ ಹುಟ್ಟುವುದಿಲ್ಲ.

ಆ ಹಣ ಎಲ್ಲಿಂದ ಬರುತ್ತದೆ ಅಂತ ಹೇಳಿದರೆ ಸಂಘದ ಇಡೀ ವರ್ಷ ಹೇಳಿದ ಹಾಗೆ. ಶನಿವಾರ ಬೆಳಿಗ್ಗೆ ಊರಿನ ಹಳೆ ಪೇಪರ್ ಸಂಗ್ರಹಿಸುತ್ತೇವೆ. ಜನ ಕಟ್ಟು ಕಟ್ಟಿ ಮನೆ ಮುಂದೆ ಇಟ್ಟಿರುತ್ತಾರೆ, ನಾವು ಟ್ರಾಕ್ಟರ್ ಹಿಂದೆ ನಡೆದು ಎತ್ತಿ ಹಾಕುವುದು. ಬೇಸಿಗೆಯಲ್ಲಿ ಹೊಕೆಟ್ಸೆ ಅಂತ ಬೀದಿ ಹಬ್ಬ. ಅಲ್ಲಿ ನಮ್ಮದೊಂದು ಅಂಗಡಿ, ಸಂಜೆ ಒಂದು ಗಂಟೆ ಬಯಲಿನಲ್ಲೇ ಸಂಗೀತ. ಡಿಸೆಂಬರ್‌ನಲ್ಲಿ ಚರ್ಚಿನಲ್ಲಿ ಅಡ್ವೆಂಟ್ ಕಾರ್ಯಕ್ರಮ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ವಾರಗಳದ್ದು. ಚರ್ಚಿನ ಆರ್ಗನ್ ಜೊತೆಗೆ ಮಾತ್ರ ನಾವು ನುಡಿಸಲ್ಲ. ಚಳಿಗೆ ಆರ್ಗನ್ ಕೊಳವೆಗಳ ಶ್ರುತಿ ಇಳಿಯುತ್ತದೆ, ನಮ್ಮ ಉಕ್ಕಿನ ರೀಡು ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಅದನ್ನು ವೇದಿಕೆ ಮೇಲೆ ತಿರುಗಿಸಿ ಸರಿ ಮಾಡುವ ಬಿರಡೆ ನಮ್ಮಲ್ಲಿ ಇಲ್ಲ. ಆರ್ಗನ್‌ನವರೊಂದು ಹಾಡು, ನಾವೊಂದು ಹಾಡು.

ದೊಡ್ಡದು ಅಂದರೆ ವಸಂತದ ಕಛೇರಿ. ಊರಿನ ವ್ಯಾಯಾಮ ಶಾಲೆಯ ಸಭಾಂಗಣ. ಬೆಳಿಗ್ಗೆಯಿಂದ ಮೇಜು ಕುರ್ಚಿ ಜೋಡಿಸುವುದು. ಅಡುಗೆ ಕೋಣೆಯಲ್ಲಿ ಸಂಘದ ಹಳೆಯ ಸದಸ್ಯರು ಆಲೂಗಡ್ಡೆ ಸಲಾಡ್ ಮಾಡುತ್ತಿರುತ್ತಾರೆ. ಈ ಸೀಮೆಯ ಸಲಾಡ್‌ಗೆ ಬಿಸಿ ಸಾರು ಹಾಕುತ್ತಾರೆ, ಮೇಯೊನೇಸ್ ಅಲ್ಲ. ಆಲೂಗಡ್ಡೆ ಬಿಸಿ ಇರುವಾಗಲೇ ತೆಳ್ಳಗೆ ಹೆಚ್ಚಿ, ಸಾರು ಹೊಯ್ದು, ವಿನಿಗರ್, ಎಣ್ಣೆ, ಸಾಸಿವೆ, ಈರುಳ್ಳಿ. ಜೊತೆಗೆ ಮೌಲ್ಟಾಶೆನ್, ಹಿಟ್ಟಿನ ಹಾಳೆಯೊಳಗೆ ಹೂರಣ ತುಂಬಿದ ತಿನಿಸು. ಅದರಲ್ಲಿ ಮಾಂಸ ಇರುವುದರಿಂದ ನನಗೆ ಅಂತ ಪಾಲಕ್ ತುಂಬಿದ್ದು ಬೇರೆ ಮಾಡುತ್ತಾರೆ, ಕೇಳದೇನೆ. ಕೇಕು ಪ್ರತಿ ಮನೆಯಿಂದ ಒಂದೊಂದು. ನಾನು ರವೆ ಮತ್ತು ತೆಂಗಿನಕಾಯಿ ಹಾಕಿ ಮಾಡುವ ಕೇಕು ಈಗ ಪಟ್ಟಿಯಲ್ಲಿ ಕಾಯಂ ಆಗಿದೆ.

ಕಛೇರಿಯ ಮಧ್ಯೆ ಸನ್ಮಾನ. ಹತ್ತು ವರ್ಷ ನುಡಿಸಿದವರಿಗೆ, ಇಪ್ಪತ್ತೈದು ವರ್ಷದವರಿಗೆ, ಐವತ್ತು ವರ್ಷದವರಿಗೆ ಬ್ಯಾಡ್ಜು. ಅದನ್ನು ಕೋಟಿಗೆ ಚುಚ್ಚುವಾಗ ಸಭೆ ಪೂರ್ತಿ ಎದ್ದು ನಿಲ್ಲುತ್ತದೆ. ಯಾರೂ ಹೆಸರು ಮಾಡಿದ ಕಲಾವಿದರಲ್ಲ. ಪ್ರತಿ ವಾರ ಬಂದರು, ಅಷ್ಟೇ. ಅದಕ್ಕೆ ಎದ್ದು ನಿಲ್ಲುವ ಊರು ನನಗೆ ಬಹಳ ಹಿಡಿಸಿತು.

ಕಳೆದ ವಸಂತಕ್ಕೆ ಮೊದಲು ಆರ್ಕೆಸ್ಟ್ರಾ ನಡೆಸುವ ನಮ್ಮ ಮೇಷ್ಟ್ರು ನನ್ನನ್ನು ಕೇಳಿದರು, "ನಿಮ್ಮ ಕಡೆಯದೊಂದು ಹಾಕೋಣ್ವಾ?" ಅವರ ಮನಸ್ಸಿನಲ್ಲಿದ್ದುದು ಶಾಸ್ತ್ರೀಯ ಸಂಗೀತ. ರಾಗದ ವಿಡಿಯೋ ಕೇಳಿಕೊಂಡು ಬಂದಿದ್ದರು. ನಾನು ಬೇಡ ಅಂದೆ. ಕಾರಣವನ್ನೂ ಹೇಳಿದೆ. ನಮ್ಮ ರಾಗದಲ್ಲಿ ಸ್ವರ ನಿಂತಲ್ಲಿ ನಿಲ್ಲುವುದಿಲ್ಲ, ಒಂದರಿಂದ ಒಂದಕ್ಕೆ ಜಾರುತ್ತದೆ, ತೂಗುತ್ತದೆ. ಮನೆ ಒತ್ತುವ ವಾದ್ಯದಲ್ಲಿ ಆ ಜಾರು ಇಲ್ಲ. ಇದೇ ಕಾರಣಕ್ಕೆ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ಹೊರಗಿಟ್ಟಿದ್ದು ಸರಿ ಅಂತ ನಾನು ಹೇಳಲ್ಲ. ದೊಡ್ಡಪ್ಪನಿಗೆ ಆ ಮಾತು ಎತ್ತಿದರೆ ಸಿಟ್ಟು ಬರುತ್ತಿತ್ತು. ಆದರೆ ಇಪ್ಪತ್ತು ಅಕಾರ್ಡಿಯನ್ ಸೇರಿ ತೋಡಿ ರಾಗ ನುಡಿಸಿದರೆ ತೋಡಿ ಉಳಿಯಲ್ಲ, ಅದು ಖಂಡಿತ.

ಬದಲಿಗೆ ನಾಟಕದ ಮಟ್ಟು ಹಾಕೋಣ ಅಂದೆ. ಅದು ಹುಟ್ಟಿದ್ದೇ ಹಾರ್ಮೋನಿಯಂ ಪಕ್ಕದಲ್ಲಿ. ಗುಬ್ಬಿ ಕಂಪನಿಯ ಕಾಲದಿಂದ ನಮ್ಮ ತುಮಕೂರು ಸೀಮೆಯಲ್ಲಿ ಹಾಡು ಮತ್ತು ಪೆಟ್ಟಿಗೆ ಒಂದಕ್ಕೊಂದು ಹೊಂದಿಕೊಂಡೇ ಬೆಳೆದಿವೆ. ಅಣ್ಣನ ಹತ್ತಿರ ದೊಡ್ಡಪ್ಪನ ಹಳೆ ಕ್ಯಾಸೆಟ್ಟು ಇತ್ತು. ಅದರಲ್ಲಿ ಕೃಷ್ಣನ ಪಾತ್ರದ ಒಂದು ಹಾಡು ದೊಡ್ಡಪ್ಪ ಹಾಡುತ್ತಾ ನುಡಿಸಿದ್ದು. ಅದನ್ನು ಫೋನಿಗೆ ಇಳಿಸಿ ಕಳಿಸಿದ. ಮೇಷ್ಟ್ರು ಮೂರು ನಿಮಿಷದ ಆ ಹಾಡನ್ನು ಅದೆಷ್ಟು ಸಲ ಕೇಳಿದರೋ. ಆಮೇಲೆ ಅವರು ಮಾಡಿದ ಕೆಲಸ ನನಗೆ ಆಶ್ಚರ್ಯ ತಂದಿತು. ನಾಲ್ಕು ಪಾಲು ಮಾಡಿ ಮೂರು ಮೂರು ಸ್ವರ ಜೋಡಿಸಿ ತುಂಬಿಸಬಹುದಿತ್ತು. ಅದು ಅವರ ರೂಢಿ. ಹಾಗೆ ಮಾಡಲಿಲ್ಲ. ಬಾಸ್ ಮತ್ತು ನಾಲ್ಕನೇ ಸಾಲಿಗೆ ಬರೀ ಷಡ್ಜ, ಪಂಚಮ ಕೊಟ್ಟು ಹಿಡಿಯಲು ಹೇಳಿದರು. ಮಟ್ಟು ಒಂದನೇ ಸಾಲಿಗೆ. ಹಾಡುವವರು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಹಾರ್ಮೋನಿಯಂ ಅದೇ ಸಾಲಿನ ಬಾಲ ಹಿಡಿದು ಹೇಳುತ್ತದಲ್ಲ, ಅದನ್ನು ಅವರು ಕ್ಯಾಸೆಟ್ಟಿನಲ್ಲಿ ಗುರುತಿಸಿದ್ದರು. ಆ ಬಾಲವನ್ನು ನಮ್ಮ ಮೂರನೇ ಸಾಲಿಗೆ ಕೊಟ್ಟರು. ಎರಡನೇ ಸಾಲಿನವರು ಕೊನೆಯ ಚರಣದವರೆಗೆ ಸುಮ್ಮನೆ ಕೂರಬೇಕು.

ತಾಳ ಹಿಡಿಯಲು ಡ್ರಮ್ಸ್ ಹುಡುಗನಿಗೆ ಕಷ್ಟವಾಯಿತು. ಹಾಡು ಒಂಟಿ ಎಣಿಕೆಯಲ್ಲಿ ಶುರುವಾಗಿ ಕೊನೆಗೆ ದುಗುಣಕ್ಕೆ, ಅಂದರೆ ಎರಡರಷ್ಟು ವೇಗಕ್ಕೆ ಏರುತ್ತದೆ, ಏರುವ ಜಾಗ ಹಾಳೆಯಲ್ಲಿ ಬರೆದಿಡುವಂಥದ್ದಲ್ಲ, ಹಾಡುವವರ ಹುರುಪು ನೋಡಿ ಏರಬೇಕು. ನಾನು ಅವನ ಪಕ್ಕ ನಿಂತು ತೊಡೆ ತಟ್ಟಿ ತೋರಿಸಿದೆ. ಹಾಳೆ ಮುಚ್ಚಿಟ್ಟು ಕೇಳತೊಡಗಿದ ಮೇಲೆ ಅವನಿಗೆ ಬಂತು.

ಕಛೇರಿಯಲ್ಲಿ ನುಡಿಸಿದೆವು. ಅಣ್ಣ ವಿಡಿಯೋ ಕಾಲ್‌ನಲ್ಲಿದ್ದ, ದೊಡ್ಡಮ್ಮ ಪಕ್ಕದಲ್ಲಿದ್ದರು. ಮುಗಿದ ಮೇಲೆ ಅವರು ಹೇಳಿದ್ದು, "ಶ್ರುತಿ ಸರಿಯಾಗಿತ್ತು. ಸ್ವಲ್ಪ ನಿಧಾನ ಆಯ್ತು." ಮೇಷ್ಟ್ರಿಗೆ ಅದನ್ನು ಹಾಗೇ ಹೇಳಿದೆ. ಈ ವರ್ಷ ಅದನ್ನೇ ಇನ್ನೂ ಬಿರುಸಾಗಿ ನುಡಿಸೋಣ ಅಂತ ಬರೆದುಕೊಂಡಿದ್ದಾರೆ.

ಒಂದು ವಿಷಯದಲ್ಲಿ ನನಗೂ ಸಂಘದ ಕೆಲವರಿಗೂ ಅಭಿಪ್ರಾಯ ಬೇರೆ. ಜನ ಬರಬೇಕು ಅಂದರೆ ಸಿನಿಮಾ ಹಾಡು, ಪಾಪ್ ಹಾಡುಗಳ ಮಿಶ್ರಣ ಜಾಸ್ತಿ ಹಾಕಬೇಕು ಅನ್ನುತ್ತಾರೆ ಅವರು. ಹಾಕಲಿ, ನನಗೂ ಅವು ಇಷ್ಟ. ಆದರೆ ಅಕಾರ್ಡಿಯನ್‌ಗೆಂದೇ ಬರೆದ ಕೃತಿಗಳನ್ನು ಕಾರ್ಯಕ್ರಮದಿಂದ ಪೂರ್ತಿ ತೆಗೆದರೆ ಈ ವಾದ್ಯಕ್ಕೆ ಮಾತ್ರ ಆಗುವ ಕೆಲವು ಸಂಗತಿಗಳು ಕಳೆದುಹೋಗುತ್ತವೆ. ತಿದಿಯನ್ನು ಪಟಪಟ ಅಲುಗಿಸಿ ಸ್ವರವನ್ನು ಪುಡಿ ಮಾಡುವುದು, ಸ್ವರ ಒತ್ತದೆ ಬರೀ ಗಾಳಿ ಬಿಟ್ಟು ಉಸಿರಿನ ಸದ್ದು ಮಾಡುವುದು, ಇಪ್ಪತ್ತು ಜನ ಕೇಳಿಯೂ ಕೇಳಿಸದಷ್ಟು ಮೆತ್ತಗೆ ಶುರು ಮಾಡಿ ಗೋಡೆ ಅದುರುವಷ್ಟು ಬೆಳೆಸುವುದು. ಕೇಳುವವರಿಗೆ ಮೊದಲು ಗೊತ್ತಾಗಲ್ಲ, ನಿಜ. ಎರಡು ಮಾತು ಹೇಳಿ ನುಡಿಸಿದರೆ ಕೇಳುತ್ತಾರೆ. ನಾನು ಸಭೆಯಲ್ಲಿ ಇದನ್ನೇ ಹೇಳಿದೆ. ಕೊನೆಗೆ ಪ್ರತಿ ಕಛೇರಿಗೆ ಅಂಥದ್ದೊಂದು ಇರಲೇಬೇಕು ಅಂತ ತೀರ್ಮಾನವಾಯಿತು.

ಇನ್ನೊಂದು ಚಿಂತೆ ಎಲ್ಲರದ್ದೂ. ಮಕ್ಕಳು ಬರುವುದು ಕಡಿಮೆಯಾಗಿದೆ. ಗಿಟಾರ್, ಡ್ರಮ್ಸ್ ಕಡೆ ಹೋಗುತ್ತಾರೆ. ಶಾಲೆ ಮಧ್ಯಾಹ್ನದ ಮೇಲೂ ಇರುವುದರಿಂದ ಬಿಡುವೂ ಇಲ್ಲ. ಪಕ್ಕದ ಊರಿನ ಸಂಘದಲ್ಲಿ ಜನ ಕಡಿಮೆಯಾಗಿ, ಈಗ ಅವರು ನಾವು ಒಟ್ಟಿಗೆ ನುಡಿಸುತ್ತೇವೆ. ಪ್ರಾಕ್ಟೀಸ್ ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ. ಮೊದಲು ಎರಡೂ ಊರಿನವರಿಗೆ ಬಿಗುಮಾನ ಇತ್ತು. ಯಾವ ಬಣ್ಣದ ಅಂಗಿ ಅನ್ನುವುದಕ್ಕೇ ಎರಡು ಸಭೆ ಆದವು. ಕಪ್ಪು ಅಂಗಿ, ಅವರವರ ಊರಿನ ಬಣ್ಣದ ಸ್ಕಾರ್ಫ್ ಅಂತ ಆಯಿತು. ಈಗ ನಾಲ್ಕನೇ ಸಾಲು ಗಟ್ಟಿಯಾಗಿದೆ. ಮೂರು ವರ್ಷಕ್ಕೊಮ್ಮೆ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಅಕಾರ್ಡಿಯನ್ ಆರ್ಕೆಸ್ಟ್ರಾಗಳ ದೊಡ್ಡ ಮೇಳ ನಡೆಯುತ್ತದೆ. ಮುಂದಿನ ಸಲ ಎರಡೂ ಊರು ಒಂದೇ ಹೆಸರಿನಲ್ಲಿ ಹೋಗೋಣ ಅನ್ನುತ್ತಿದ್ದಾರೆ.

ಸ್ಟುಟ್‌ಗಾರ್ಟ್, ಬೋಬ್ಲಿಂಗನ್, ಸಿಂಡಲ್‌ಫಿಂಗನ್ ಸುತ್ತ ಕನ್ನಡದವರು ಬೇಕಾದಷ್ಟು ಜನ ಇದ್ದೀರಿ. ಮಕ್ಕಳಿಗೆ ಏನಾದರೂ ವಾದ್ಯ ಕಲಿಸಬೇಕು ಅಂತ ಹುಡುಕುತ್ತಿರುತ್ತೀರಿ. ನಿಮ್ಮೂರಿನಲ್ಲೇ ಇಂಥ ಸಂಘ ಇದೆಯಾ ಅಂತ ಒಮ್ಮೆ ವಿಚಾರಿಸಿ. ವಾದ್ಯ ಮೊದಲೇ ಕೊಳ್ಳಬೇಡಿ, ಹೊಸದು ದುಬಾರಿ, ಮಕ್ಕಳು ಬೆಳೆದ ಹಾಗೆ ದೊಡ್ಡದು ಬೇಕಾಗುತ್ತದೆ. ನಮ್ಮಂಥ ಸಂಘಗಳು ಕಡಿಮೆ ಬಾಡಿಗೆಗೆ ಕೊಡುತ್ತವೆ. ಭುಜದ ಪಟ್ಟಿ ಕಟ್ಟುವಾಗ ಎಡಗಡೆಯದನ್ನು ಬಲಗಡೆಗಿಂತ ಚೂರು ಗಿಡ್ಡ ಮಾಡಿ, ಆಗ ತಿದಿ ಎಳೆಯುವಾಗ ವಾದ್ಯ ಜಾರಲ್ಲ. ಬೆನ್ನಿನ ಮೇಲೆ ಅಡ್ಡ ಪಟ್ಟಿ ಮರೆಯಬೇಡಿ. ನಮ್ಮ ಬೀರುವಿನಲ್ಲಿ ಈಗ 48 ಬಾಸ್‌ನ, ಅಂದರೆ ಎಡಗೈಗೆ 48 ಗುಂಡಿಗಳ, ಕೆಂಪು ಬಣ್ಣದ್ದೊಂದು ಖಾಲಿ ಇದೆ. ಎಂಟು ಒಂಬತ್ತು ವರ್ಷದ ಮಕ್ಕಳ ತೊಡೆಗೆ ಸರಿಯಾಗಿ ಕೂರುತ್ತದೆ. ಗುರುವಾರ ಮಕ್ಕಳ ತರಗತಿ ಐದೂವರೆಗೆ, ನಾನು ಆಗಲೇ ಬಂದು ಕುರ್ಚಿ ಹಾಕುತ್ತಿರುತ್ತೇನೆ.